ನ್ಯಾನೊ ಎಳೆಯ ಪಟ್ಟಿ ಗಾಯದ ಜೀವಕೋಶಗಳನ್ನು ಹೇಗೆ ಕಾಪಾಡುತ್ತದೆ?

ಇದು ಕೂದಲಿಗಿಂತ ತುಂಬ ತೆಳುವಾದ ಎಳೆಗಳಿಂದ ಮಾಡಿದ ಬ್ಯಾಂಡೇಜ್. ಎಳೆಯೊಳಗೆ ಸೇರಿಸಿದ ಆಂಟಿಆಕ್ಸಿಡೆಂಟ್ ನಿಧಾನವಾಗಿ ಹೊರಬಂದು, ಗಾಯದಲ್ಲಿ ಜಾಸ್ತಿಯಾದ ಆಮ್ಲಜನಕದ ಉಗ್ರ ಅಣುಗಳನ್ನು ತಣ್ಣಗಾಗಿಸುತ್ತದೆ.

ಈ ಅಣುಗಳು ಬರುವುದು ಹೆಚ್ಚಾಗಿ ನಮ್ಮದೇ ಬಿಳಿ ರಕ್ತಕಣಗಳಿಂದ. ಬ್ಯಾಕ್ಟೀರಿಯಾ ಕೊಲ್ಲಲು ಅವು ಹೈಡ್ರೋಜನ್ ಪೆರಾಕ್ಸೈಡ್‌ನಂಥವನ್ನು ತಯಾರಿಸುತ್ತವೆ. ಸ್ವಲ್ಪ ಇದ್ದರೆ ಒಳ್ಳೆಯದೇ, ಗಾಯ ಮಾಯಲು ಅದೂ ಬೇಕು. ಆದರೆ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನಂಥ ಕಡೆ ಇದು ನಿಲ್ಲುವುದೇ ಇಲ್ಲ. ಹೊಸ ಚರ್ಮ ಕಟ್ಟಲು ಬಂದ ಜೀವಕೋಶಗಳ ಪೊರೆ, ಪ್ರೋಟೀನ್, ಡಿಎನ್‌ಎಗೂ ಪೆಟ್ಟು ಬೀಳುತ್ತದೆ. ಇದೇ ಆಕ್ಸಿಡೇಟಿವ್ ಸ್ಟ್ರೆಸ್.

ಸುಮ್ನೆ ಮುಲಾಮು ಹಚ್ಚಿದರೆ ಆಗಲ್ವಾ? ಅರಿಶಿನದ ಕರ್ಕ್ಯುಮಿನ್, ವಿಟಮಿನ್ ಇ ತರಹದ ಆಂಟಿಆಕ್ಸಿಡೆಂಟ್‌ಗಳು ಬೆಳಕಿಗೋ ಗಾಳಿಗೋ ಬೇಗ ಕೆಡುತ್ತವೆ, ನೀರಲ್ಲಿ ಸರಿಯಾಗಿ ಕರಗುವುದೂ ಇಲ್ಲ. ಎಳೆಯೊಳಗೆ ಕೂತರೆ ಜಾಸ್ತಿ ಹೊತ್ತು ಬಾಳುತ್ತವೆ.

ಎಳೆ ಮಾಡುವುದು ನೋಡಲು ಚೆನ್ನ. ಸೂಜಿಯ ತುದಿಯ ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ದ್ರಾವಣದ ಹನಿಗೆ ಸಾವಿರಾರು ವೋಲ್ಟ್ ಕೊಟ್ಟರೆ ಅದು ಜೇಡರ ನೂಲಿನಂತೆ ಚಿಮ್ಮಿ, ಎದುರಿನ ತಗಡಿನ ಮೇಲೆ ತೆಳು ಬಿಳಿ ಹಾಳೆಯಾಗಿ ಕೂರುತ್ತದೆ. ಎಳೆಯ ದಪ್ಪ ಸಾಮಾನ್ಯವಾಗಿ ಕೆಲವು ನೂರು ನ್ಯಾನೊಮೀಟರ್. ತಲೆಗೂದಲಿನದು 80,000ದ ಆಸುಪಾಸು. ಚರ್ಮದೊಳಗಿನ ಕೊಲಾಜೆನ್ ಎಂಬ ಪ್ರೋಟೀನ್ ಎಳೆಗಳ ಜಾಲವೂ ಹೆಚ್ಚುಕಡಿಮೆ ಹೀಗೇ ಇರುವುದರಿಂದ ಜೀವಕೋಶಗಳು ಇದನ್ನು ಹಿಡಿದುಕೊಂಡು ಹರಡುತ್ತವೆ.

ಇಂಥ ಆಂಟಿಆಕ್ಸಿಡೆಂಟ್ ಪಟ್ಟಿಗಳಲ್ಲಿ ಬಹುಪಾಲು ಇನ್ನೂ ಲ್ಯಾಬ್ ಮತ್ತು ಪ್ರಾಣಿಗಳ ಮೇಲಿನ ಪ್ರಯೋಗದ ಹಂತದಲ್ಲೇ ಇವೆ.