ಬಟನ್ ಹಸಿರಾಗಿದ್ದರೂ ಸ್ಕ್ರಿಪ್ಟ್‌ಗೆ ಬಿಳಿ ಬಣ್ಣವೇ ಸಿಗುತ್ತಿದೆ, ಯಾಕೆ?

ಇದೇ ಪೇಚಿಗೆ ಸಿಕ್ಕಿ ನಾನೂ ಒಂದು ಸಂಜೆ ಪೂರ್ತಿ ಹಾಳು ಮಾಡಿಕೊಂಡಿದ್ದೇನೆ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಬಟನ್ ಹಸಿರಾಗುವವರೆಗೆ ಕಾಯುವ ಪೈಥಾನ್ ಸ್ಕ್ರಿಪ್ಟ್ ನಿಮ್ಮದು. ಬಟನ್ ಮೇಲೆ ಮೌಸ್ ಇಟ್ಟು ಆ ಜಾಗದ ಎಕ್ಸ್, ವೈ ನಂಬರ್ ತಗೊಂಡಿದ್ದೀರಿ. ಇಮೇಜ್‌ಗ್ರಾಬ್‌ನಲ್ಲಿ ಸ್ಕ್ರೀನ್‌ನ ಚಿತ್ರ ಹಿಡಿದು, ಒಂದು ಬಿಂದುವಿನ ಬಣ್ಣ ಹೇಳುವ ಗೆಟ್‌ಪಿಕ್ಸೆಲ್ ಕೇಳಿದರೆ ಯಾವಾಗಲೂ 255, 255, 255 (ಕೆಂಪು, ಹಸಿರು, ನೀಲಿ ಮೂರೂ ಪೂರ್ತಿ, ಅಂದರೆ ಬಿಳಿ). ಬಣ್ಣ ಸರಿಯಾಗೇ ಓದುತ್ತಿದೆ, ಓದುತ್ತಿರುವ ಜಾಗ ಬೇರೆ.

ವಿಂಡೋಸ್ ಲ್ಯಾಪ್‌ಟಾಪ್ ಅಲ್ವಾ? ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಸ್ಕೇಲ್ (ಸ್ಕ್ರೀನ್ ಮೇಲಿನದ್ದನ್ನು ದೊಡ್ಡದಾಗಿ ತೋರಿಸುವ ಪ್ರಮಾಣ) ಎಷ್ಟಿದೆ ನೋಡಿ. 150% ಇದ್ದರೆ ಕಳ್ಳ ಸಿಕ್ಕ ಹಾಗೆ. ಸ್ಕೇಲಿಂಗ್ ಅರಿಯದ ಪ್ರೋಗ್ರಾಮ್‌ಗೆ ವಿಂಡೋಸ್ ಮೌಸ್ ಇರುವ ಜಾಗವನ್ನು ಕುಗ್ಗಿಸಿ ಹೇಳುತ್ತದೆ. ಅದು 800, 400 ಅಂದರೆ ನಿಜವಾದ ಜಾಗ 1200, 600. ಹಿಡಿದ ಚಿತ್ರ ಮಾತ್ರ ಪೂರ್ತಿ ಅಳತೆಯದ್ದು, ಹಾಗಾಗಿ ಅದರಲ್ಲಿ 800, 400 ಬೇರೆಯೇ ಜಾಗ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಪೈಥಾನ್‌ನ ಸಿಟೈಪ್ಸ್ ಮಾಡ್ಯೂಲ್ ಮೂಲಕ ಸೆಟ್‌ಪ್ರೊಸೆಸ್‌ಡಿಪಿಐಅವೇರ್ ಕರೆಯಿರಿ, ಈ ಪ್ರೋಗ್ರಾಮ್‌ಗೆ ಸ್ಕೇಲಿಂಗ್ ಗೊತ್ತು ಅಂತ ವಿಂಡೋಸ್‌ಗೆ ಹೇಳುವ ಫಂಕ್ಷನ್ ಅದು. ಹಳೆಯ ನಂಬರ್ ಬಿಸಾಕಿ, ಮೌಸ್ ಇಟ್ಟು ಹೊಸದಾಗಿ ತಗೊಳ್ಳಿ.

ಆಮೇಲೂ ನಂಬಬೇಡಿ, ಕಣ್ಣಾರೆ ನೋಡಿ. ಆ ಬಿಂದುವಿನ ಸುತ್ತ 20 x 20 ಪಿಕ್ಸೆಲ್ ಕತ್ತರಿಸಿ, ಇಪ್ಪತ್ತು ಪಟ್ಟು ಹಿಗ್ಗಿಸಿ ಪಿಎನ್‌ಜಿ ಆಗಿ ಉಳಿಸಿ. ಹಿಗ್ಗಿಸುವಾಗ ಇದ್ದ ಬಣ್ಣವನ್ನೇ ಹಾಗೇ ಉಳಿಸುವ ನಿಯರೆಸ್ಟ್ ಆಯ್ಕೆ ಕೊಡಿ, ಇಲ್ಲದಿದ್ದರೆ ಅಕ್ಕಪಕ್ಕದ ಬಣ್ಣ ಕಲಸಿಹೋಗುತ್ತದೆ. ಜೆಪಿಜಿ ಬೇಡವೇ ಬೇಡ, ಅದೂ ಬಣ್ಣ ಕೆಡಿಸುತ್ತದೆ. ನಾನು ಹೀಗೆ ನೋಡಿದಾಗ ನನ್ನ ಬಿಂದು ಬಟನ್ ಮೇಲೇ ಇತ್ತು, ಆದರೆ ಒಂದು ಅಕ್ಷರದ ಅಂಚಿನಲ್ಲಿ! ಕಪ್ಪು ಅಕ್ಷರ ಅಂದುಕೊಂಡಿದ್ದೆ. ಹತ್ತಿರದಿಂದ ನೋಡಿದರೆ ಒಂದು ಕಡೆ ಕೆಂಚು, ಇನ್ನೊಂದು ಕಡೆ ನೀಲಿ. ಅಕ್ಷರ ನುಣುಪಾಗಿ ಕಾಣಲಿ ಅಂತ ವಿಂಡೋಸ್‌ನ ಕ್ಲಿಯರ್‌ಟೈಪ್ ಸೌಲಭ್ಯ ಮಾಡುವ ಕೆಲಸ ಅದು. ಹಾಗಾಗಿ ಬರಹದಿಂದ ದೂರ, ಬಟನ್‌ನ ಖಾಲಿ ಜಾಗದಲ್ಲಿ ಬಿಂದು ಆರಿಸಿ.

ಇನ್ನೊಂದು ಕಿತಾಪತಿ ಇದೆ. ಮೌಸ್ ಮೇಲೆ ಬಂದರೆ ಎಷ್ಟೋ ಬಟನ್‌ಗಳ ಬಣ್ಣ ಸ್ವಲ್ಪ ಬದಲಾಗುತ್ತದೆ. ಮೌಸ್ ಇಟ್ಟುಕೊಂಡೇ ಬಣ್ಣ ಬರೆದುಕೊಂಡರೆ, ಮೌಸ್ ಸರಿಸಿದ ಮೇಲೆ ಅದು ಸಿಗುವುದೇ ಇಲ್ಲ. ಜಾಗ ಗುರುತಿಸಿಕೊಂಡು, ಮೌಸ್ ಪಕ್ಕಕ್ಕೆ ತೆಗೆದು ಓದಿ. ಸರಿಸಮ ಇದೆಯಾ ಅಂತ ಹೋಲಿಸುವ ಬದಲು ಕೆಂಪು, ಹಸಿರು, ನೀಲಿ ಮೂರರಲ್ಲೂ ವ್ಯತ್ಯಾಸ 10ರ ಒಳಗಿದೆಯಾ ನೋಡಿದರೆ ಸಾಕು.

ಬಣ್ಣವನ್ನು ಮತ್ತೆ ಮತ್ತೆ ಓದುವ ಲೂಪ್‌ನಲ್ಲಿ ಕಾಲು ಸೆಕೆಂಡ್ ಸ್ಲೀಪ್ (ವಿರಾಮ) ಹಾಕಿ. 1920 x 1080 ಸ್ಕ್ರೀನ್ ಅಂದರೆ 20 ಲಕ್ಷಕ್ಕೂ ಜಾಸ್ತಿ ಪಿಕ್ಸೆಲ್. ಒಂದನ್ನು ನೋಡಲು ಅಷ್ಟನ್ನೂ ಬಿಡದೆ ಹಿಡಿಯುತ್ತಿದ್ದರೆ ಫ್ಯಾನ್ ಸುಮ್ನೆ ಅರಚುತ್ತಿರುತ್ತದೆ.