ಕತ್ತಿ ಕೆಂಪಾದರೆ ಸುಣ್ಣ ಸಾಲದು

ಪ್ರಶ್ನೆ: ಹತ್ತನೇ ತರಗತಿಯಲ್ಲಿರುವ ಮಗನನ್ನು ನಮ್ಮ ಮಾವನವರು ಎರಡು ದಿನ ಟ್ಯೂಷನ್ ತಪ್ಪಿಸಿ ಅಡಿಕೆ ತೋಟಕ್ಕೆ ಕರೆದೊಯ್ದರು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವುದಿತ್ತಂತೆ. ಹುಡುಗ ಸಂಜೆ ಕೈಯೆಲ್ಲ ನೀಲಿ ಮಾಡಿಕೊಂಡು ಬಂದು ‘ಇವತ್ತು ತುಂಬಾ ಕಲಿತೆ’ ಎಂದ. ತೋಟದಲ್ಲಿ ಕಲಿತದ್ದು ಪರೀಕ್ಷೆಗೆ ಬರುತ್ತದೆಯೇ?
– ಓರ್ವ ಗೃಹಿಣಿ, ಸಾಗರ ತಾಲ್ಲೂಕು

ಉತ್ತರ: ಬರುತ್ತದೆ ತಾಯಿ, ಅದೂ ವಿಜ್ಞಾನದ ಮೊದಲ ಪಾಠದಲ್ಲೇ. ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ ಇಳಿಬಿಡುವ ಚಟುವಟಿಕೆ ಇದೆಯಲ್ಲ, ತೆರೆದು ನೋಡಿ. ಆ ಸಲ್ಫೇಟ್ ಬೇರೇನಲ್ಲ, ನಿಮ್ಮ ಮಾವನವರ ಮೈಲುತುತ್ತ.

ಟ್ಯೂಷನ್ನಿಗೆ ಹಣ ಕಟ್ಟಿದ್ದೀರಿ, ಹತ್ತನೆಯದರ ಅಂಕವೂ ಬೇಕು. ಒಪ್ಪಿದೆ. ಮುಂದೆ ಹೋಗೋಣ.

ನಾನು ರಸಾಯನಶಾಸ್ತ್ರದಲ್ಲಿ ದಡ್ಡ. ಆದರೆ ನಮ್ಮಜ್ಜ ಕೊಳೆಯ ಔಷಧಿಯಾದ ಬೋರ್ಡೋ ದ್ರಾವಣ ಕಲಸುವಾಗ ಪಕ್ಕದಲ್ಲಿ ಕೂರುತ್ತಿದ್ದೆ. ಒಂದು ಕಿಲೋ ಮೈಲುತುತ್ತ ಐವತ್ತು ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೈವತ್ತಕ್ಕೆ. ಸುಣ್ಣದ ತಿಳಿಗೆ ತುತ್ತದ ನೀರನ್ನು ನಿಧಾನವಾಗಿ ಹೊಯ್ಯಬೇಕು, ಇನ್ನೊಬ್ಬರು ಕೋಲಿನಿಂದ ತಿರುವುತ್ತಲೇ ಇರಬೇಕು. ಕೊನೆಗೆ ಅಜ್ಜ ಉಜ್ಜಿದ ಕತ್ತಿಯನ್ನು ಅದ್ದಿ ಒಂದು ನಿಮಿಷ ಬಿಟ್ಟು ಎತ್ತುವರು. ಅಲಗು ಕೆಂಪಗೆ ತಾಮ್ರ ಹತ್ತಿ ಬಂದರೆ, ‘ಹುಳಿ ಉಳಿದಿದೆ, ಸುಣ್ಣ ಸಾಲದು, ಹೊಡೆದರೆ ಎಳೆಗಾಯಿ ಸುಟ್ಟೀತು’ ಎನ್ನುವರು. ಮುಂದೆ ಶಾಲೆಯಲ್ಲಿ ಮೇಷ್ಟ್ರು ಕಪ್ಪು ಹಲಗೆಯ ಮೇಲೆ ‘ಸ್ಥಾನಪಲ್ಲಟ ಕ್ರಿಯೆ’ ಎಂದು ಬರೆದು, ಕಬ್ಬಿಣ ತಾಮ್ರವನ್ನು ದ್ರಾವಣದಿಂದ ಹೊರದೂಡುತ್ತದೆ ಎಂದಾಗ, ‘ಸಾರ್, ಇದು ನಮ್ಮಜ್ಜನ ಕತ್ತಿ’ ಎಂದುಬಿಟ್ಟೆ. ತರಗತಿ ನಕ್ಕಿತು. ನನಗೆ ಅರ್ಥವಾದ ಒಂದೇ ಕ್ರಿಯೆ ಅದು.

ಈ ಔಷಧಿಯೂ ಎಲ್ಲಿಂದಲೋ ಕಲಿತು ಬಂದದ್ದೇ. ಫ್ರಾನ್ಸಿನ ಬೋರ್ಡೋದಲ್ಲಿ 1885ರ ಹೊತ್ತಿಗೆ ದ್ರಾಕ್ಷಿಗೆ ಹೊಡೆದದ್ದು. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞ ಕೋಲ್ಮನ್ ಸಾಹೇಬರು ನಮ್ಮ ಕೊಳೆಯ ಬೆನ್ನು ಹತ್ತಿ 1910ರಲ್ಲಿ ಬರೆದರು. ಅದಕ್ಕೆ ಮುಂಚೆ ಗೊನೆಗೆ ಕೊಟ್ಟೆಯೆಂಬ ಹೊದಿಕೆ ಕಟ್ಟಿ ಮಳೆ ತಡೆಯುತ್ತಿದ್ದರು. ಸಾಹೇಬರೂ ಮರದ ಬುಡದಲ್ಲಿ ನಿಂತೇ ಕಲಿತಿರಬೇಕು, ಟ್ಯೂಷನ್ನಿನಲ್ಲಂತೂ ಅಲ್ಲ.

ನನ್ನ ಸಂಕಟ ನಿಮ್ಮ ಮನೆಯದಲ್ಲ. ‘ಹೂವಿನ ಭಾಗಗಳು’ ಎಂಬ ಚಾರ್ಟನ್ನು ಅಂಗಡಿಯಿಂದ ಕೊಂಡು ಅಂಟಿಸುವ ಮಕ್ಕಳ ಮನೆಯ ಬೇಲಿಯಲ್ಲೇ ದಾಸವಾಳ ಅರಳಿರುತ್ತದೆ. ಶೈಕ್ಷಣಿಕ ಪ್ರವಾಸದ ಬಸ್ಸು ನೀರಾಟದ ಪಾರ್ಕಿಗೆ ಹೋಗುತ್ತದೆ. ನಮ್ಮ ಜಿಲ್ಲೆಯದೇ ತಾಳಗುಂದದಲ್ಲಿ, ಕ್ರಿ.ಶ. 370ರ ಸುಮಾರಿನದೆಂದು ಪುರಾತತ್ವದವರು ಹೇಳುವ ಕನ್ನಡ ಶಾಸನ ಸಿಕ್ಕಿದೆ. ಆ ಊರಿನ ದಾರಿ ಕೇಳಿದರೆ ಚಾಲಕ ಮೊಬೈಲ್ ನೋಡುತ್ತಾನೆ. ಇಂಥವರನ್ನು ಬಿಟ್ಟು ಒಬ್ಬ ಅಜ್ಜನ ಮೇಲೆ ದೂರು ಬರೆದಿರಿ. ಆದರೂ ‘ತುಂಬಾ ಕಲಿತೆ’ ಎಂಬ ಮಾತನ್ನು ಮರೆಯದೆ ಪತ್ರದಲ್ಲಿ ಸೇರಿಸಿದಿರಲ್ಲ, ಅಲ್ಲಿಗೆ ನೀವೂ ನಮ್ಮ ಕಡೆಯವರೇ.

ಎರಡನೇ ಔಷಧಿ ನಲವತ್ತು-ನಲವತ್ತೈದು ದಿನಕ್ಕೆ ಬರುತ್ತದೆ. ಭಾನುವಾರಕ್ಕೆ ಇಟ್ಟುಕೊಳ್ಳಲು ಮಾವನವರಿಗೆ ಹೇಳಿ. ಮಳೆ ಒಪ್ಪಬೇಕಷ್ಟೆ.
– ಸಂ.