ಹಳೇ ಕಾರು, ಹೊಸ ಬಣ್ಣ: ಯಾವ ಕುಂದು ಒಪ್ಪಬೇಕು, ಯಾವುದು ಒಪ್ಪಬಾರದು

ಪ್ರಶ್ನೆ: 1978ರ ಪ್ರೀಮಿಯರ್ ಪದ್ಮಿನಿಗೆ ಪೂರ್ತಿ ಟಿಂಕರಿಂಗ್ (ತಗಡಿನ ಕೆಲಸ) ಮಾಡಿಸಿ, ಕೆನೆ ಬಣ್ಣದ ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆಸಿದ್ದೇನೆ. ಹಗಲಲ್ಲಿ ಚೆನ್ನಾಗಿದೆ. ರಾತ್ರಿ ಪೋರ್ಟಿಕೋದ ಟ್ಯೂಬ್‌ಲೈಟ್ ಕೆಳಗೆ ನೋಡಿದರೆ ಬಾನೆಟ್ ಮೇಲೆ ಕಿತ್ತಳೆ ಸಿಪ್ಪೆಯಂಥ ತರಿ, ಏಳೆಂಟು ಧೂಳಿನ ಕಣ, ಬಾಗಿಲ ಹಿಡಿಯ ಕೆಳಗೆ ಬಣ್ಣ ಇಳಿದ ಒಂದು ಗೆರೆ. ಪೇಂಟರ್ ಕೇಳಿದರೆ "ಹಳೇ ಗಾಡಿ ಸಾರ್, ಇಷ್ಟು ಇದ್ದದ್ದೇ" ಅನ್ನುತ್ತಾರೆ. ಮತ್ತೆ ಹೊಡೆಸಬೇಕೆ?
– ಓದುಗರು, ಮೈಸೂರು

ಉತ್ತರ: ಬೇಡ. ಪೇಂಟರ್ ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲನ್ನು ಅವರೇ ಉಜ್ಜಿ ಸರಿಮಾಡಿಕೊಡಬೇಕು.

ಮೊದಲು ನಿಜದ ಪಾಲು. ಹಳೇ ಕಾರಿನ ಒಳಗೇ ಧೂಳು ಕೂತಿರುತ್ತದೆ: ಮಳೆ ನೀರಿನ ಕಾಲುವೆಯಲ್ಲಿ, ಬಾಗಿಲ ಕೀಲುಗಳ ಸಂದಿಯಲ್ಲಿ, ಮಡ್‌ಗಾರ್ಡ್ ಮಡಿಕೆಯಲ್ಲಿ. ಎಷ್ಟೇ ತೊಳೆದರೂ ಸ್ಪ್ರೇ ಗನ್ನಿನ ಗಾಳಿ ತಗುಲಿದಾಗ ಒಂದಿಷ್ಟು ಎದ್ದು ಹಸಿ ಬಣ್ಣದ ಮೇಲೆ ಬಂದು ಕೂರುತ್ತದೆ. ತರಿ ಬರುವುದು ಬಣ್ಣದ ಹನಿಗಳು ಒಂದರೊಳಗೊಂದು ಬೆರೆತು ಮಟ್ಟವಾಗುವ ಮುಂಚೆಯೇ ಒಣಗಿದಾಗ. ಬಿಸಿಲು ಹೊತ್ತಿನಲ್ಲಿ ಬೇಗ ಒಣಗುವ ಥಿನ್ನರ್ ಹಾಕಿದ್ದು, ಗನ್ನನ್ನು ಒಂದಡಿ ದೂರ ಹಿಡಿದದ್ದು, ಬಣ್ಣ ಗಟ್ಟಿಯಾಗಿದ್ದದ್ದು, ಒತ್ತಡ ಸಾಲದೆ ಹೋದದ್ದು, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. 1.3 ಅಥವಾ 1.4 ಮಿ.ಮೀ. ನಾಜಲ್, 15ರಿಂದ 20 ಸೆಂ.ಮೀ. ದೂರ, ಒಂದು ಪಟ್ಟೆಯ ಅರ್ಧದ ಮೇಲೆ ಇನ್ನೊಂದು ಪಟ್ಟೆ: ಇಷ್ಟು ಪಾಲಿಸಿದರೂ ಒಂಚೂರು ತರಿ ಉಳಿದೇ ಉಳಿಯುತ್ತದೆ. ಬೇಕಿದ್ದರೆ ಶೋರೂಮಿನ ಹೊಸ ಕಾರಿನ ಬಾಗಿಲಲ್ಲಿ ಟ್ಯೂಬ್‌ಲೈಟಿನ ಬಿಂಬ ನೋಡಿ, ಅದರ ಅಂಚೂ ನೇರವಾಗಿರುವುದಿಲ್ಲ. ನಿಮ್ಮ ಪದ್ಮಿನಿ ಕಾರ್ಖಾನೆಯಿಂದ ಹೊರಬಿದ್ದ ದಿನವೂ ಕನ್ನಡಿಯಂತಿರಲಿಲ್ಲ.

ಇನ್ನು ಸರಿಮಾಡುವ ಪಾಲು. ಮೂರು ಕೋಟ್ ಸೇರಿದರೂ ಬಣ್ಣದ ದಪ್ಪ ಸುಮಾರು 60–75 ಮೈಕ್ರಾನ್, ಅಂದರೆ ಒಂದು ಕೂದಲೆಳೆಯಷ್ಟು. ತರಿ ತೆಗೆಯುವಾಗ ಅದರಲ್ಲಿ 10–15 ಮೈಕ್ರಾನ್ ಹೋಗುತ್ತದೆ. ಹೀಗಾಗಿ ಇಡೀ ಕಾರನ್ನು ಕನ್ನಡಿ ಮಾಡಲು ಹೊರಟರೆ ಎಲ್ಲೋ ಒಂದು ಕಡೆ ಪ್ರೈಮರ್ ಇಣುಕುತ್ತದೆ. ಕಣ್ಣಿಗೆ ನೇರ ಬೀಳುವ ಬಾನೆಟ್, ಟಾಪ್, ಡಿಕ್ಕಿಯ ಮೇಲ್ಭಾಗ ಮಾತ್ರ ಉಜ್ಜಿಸಿ, ಬಾಗಿಲ ಕೆಳಭಾಗವನ್ನು ಹಾಗೇ ಬಿಡಿ.

ಬಣ್ಣ ಹೊಡೆದು ಕನಿಷ್ಠ ಒಂದು ವಾರವಾಗಿರಲಿ. ಬಕೆಟ್ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ವಾಟರ್ ಪೇಪರನ್ನು (ನೀರು ಹಾಕಿ ಉಜ್ಜುವ ಎಮರಿ ಕಾಗದ) ಹತ್ತು ನಿಮಿಷ ನೆನೆಸಿ. ಅಂಚು ಮತ್ತು ಏಣುಗಳ ಮೇಲೆ ಬಣ್ಣ ತೆಳ್ಳಗಿರುತ್ತದೆ, ಅಲ್ಲಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಪೇಪರನ್ನು ಮೆತ್ತನೆ ರಬ್ಬರ್ ಬ್ಲಾಕಿಗೆ ಸುತ್ತಿ ಮೊದಲು 1500, ಆಮೇಲೆ 2000, ಕೊನೆಗೆ 3000 ನಂಬರಿನಲ್ಲಿ ಉಜ್ಜಿ. ಬರಿಗೈ ಬೆರಳಲ್ಲಿ ಒತ್ತಿದರೆ ಬೆರಳಚ್ಚಿನಂತೆ ತಗ್ಗು ಬೀಳುತ್ತದೆ. ಆಮೇಲೆ ರಬ್ಬಿಂಗ್ ಕಾಂಪೌಂಡ್. ಮಷಿನ್ ಆದರೆ 1200–1500 ಆರ್‌ಪಿಎಂ ದಾಟಿಸಬೇಡಿ, ಒಂದೇ ಕಡೆ ನಿಲ್ಲಿಸಲೂಬೇಡಿ. ಮೇಲೆ ಕ್ಲಿಯರ್ ಕೋಟ್ (ಬಣ್ಣವಿಲ್ಲದ ಪಾರದರ್ಶಕ ಪದರ) ಇಲ್ಲದ ಬಣ್ಣವಾದರೆ ಬಟ್ಟೆಗೆ ಕೆನೆ ಬಣ್ಣ ಹತ್ತುತ್ತದೆ, ಗಾಬರಿ ಬೇಡ.

ಇಳಿದ ಗೆರೆಗೆ ಮಾತ್ರ ಆತುರ ಸಲ್ಲ. ಹೊರಗೆ ಒಣಗಿದಂತೆ ಕಂಡರೂ ಅದರ ಹೊಟ್ಟೆ ಹಸಿಯಾಗಿರುತ್ತದೆ. ಬೇಗ ಉಜ್ಜಿದರೆ ಬಣ್ಣ ಕಿತ್ತು ಬಂದು ಗುಂಡಿ ಬೀಳುತ್ತದೆ. ಎರಡು ಮೂರು ವಾರ ಬಿಟ್ಟು, ಹೊಸ ಬ್ಲೇಡನ್ನು ನೆಟ್ಟಗೆ ಹಿಡಿದು ಗೆರೆಯ ನೆತ್ತಿಯನ್ನಷ್ಟೇ ಹೆರೆದು, ನಂತರ 1500ರಿಂದ ಶುರುಮಾಡಿ.

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ಅಂಬಾಸಿಡರ್‌ಗೆ ಬಣ್ಣ ಹೊಡೆಸಿದೆ. ಮೂರೇ ತಿಂಗಳಿಗೆ ಮುಂದಿನ ಮಡ್‌ಗಾರ್ಡಿನ ಕೆಳಗೆ ಸಾಸಿವೆ ಕಾಳಿನಂಥ ಗುಳ್ಳೆ ಎದ್ದಿವೆ. ಇದೂ "ಸಣ್ಣ ಕುಂದು" ತಾನೇ?
– ಓದುಗರು, ಮಂಗಳೂರು

ಉತ್ತರ: ಅಲ್ಲ. ಧೂಳಿನ ಕಣ ಬಣ್ಣದ ಮೇಲಿನ ದೋಷ, ಗುಳ್ಳೆ ಬಣ್ಣದ ಅಡಿಯ ದೋಷ. ಪಾಲಿಶ್ ಅದನ್ನು ಮುಟ್ಟುವುದೂ ಇಲ್ಲ.

ಸೂಜಿಯಿಂದ ಒಂದು ಗುಳ್ಳೆ ಚುಚ್ಚಿ ನೋಡಿ. ನೀರು ಒಸರಿ, ಅಡಿಯಲ್ಲಿ ಪ್ರೈಮರ್ ಅಥವಾ ಪುಟ್ಟಿ ಕಂಡರೆ ತೇವ ಒಳಗೆ ಸಿಕ್ಕಿಬಿದ್ದಿದೆ. ಕಂದು ಪುಡಿ ಬಂದರೆ ತಗಡೇ ಒಳಗಿನಿಂದ ತುಕ್ಕು ಹಿಡಿದಿದೆ. ಅಂಬಾಸಿಡರ್‌ನಲ್ಲಿ ಚಕ್ರ ಎರಚಿದ ಕೆಸರು ಮಡ್‌ಗಾರ್ಡಿನ ಒಳಮೂಲೆಯಲ್ಲಿ ಗಟ್ಟಿಯಾಗಿ ವರ್ಷವಿಡೀ ತೇವ ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಎರಡನೆಯದರ ಸಂಭವವೂ ಕಮ್ಮಿಯಿಲ್ಲ.

ಮೊದಲನೆಯದಾದರೆ ತಪ್ಪು ಸಾಮಾನ್ಯವಾಗಿ ಪುಟ್ಟಿಯ ಹಂತದಲ್ಲಾಗಿರುತ್ತದೆ. ಪಾಲಿಯೆಸ್ಟರ್ ಪುಟ್ಟಿ ಸ್ಪಂಜಿನ ಹಾಗೆ ನೀರು ಹೀರುತ್ತದೆ. ಅದನ್ನು ಒಣ ಎಮರಿಯಲ್ಲೇ ಉಜ್ಜಬೇಕು. ನೀರು ಹಾಕಿ ಉಜ್ಜಿ, ಒಂದು ರಾತ್ರಿ ಬಿಟ್ಟು ಪ್ರೈಮರ್ ಹೊಡೆಯುವ ರೂಢಿ ಎಷ್ಟೋ ಗ್ಯಾರೇಜುಗಳಲ್ಲಿದೆ. ಬೇಸಿಗೆಯಲ್ಲಿ ಹೇಗೋ ದಾಟುತ್ತದೆ, ಕರಾವಳಿಯ ಮಳೆಗಾಲದಲ್ಲಿ ದಾಟುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಾದರೆ ಇನ್ನೂ ಕಷ್ಟ: ನೀರು ಆರಿದರೂ ಉಪ್ಪು ಉಳಿದು, ಬಣ್ಣದ ಮೂಲಕವೇ ತೇವವನ್ನು ಒಳಗೆಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಪ್ರೈಮರನ್ನು ನೀರು ಹಾಕಿ ಉಜ್ಜಿದರೂ ಕೊನೆಗೊಮ್ಮೆ ಶುದ್ಧ ನೀರಲ್ಲಿ ತೊಳೆಸಿ.

ತುಕ್ಕಾದರೆ ಆ ಭಾಗ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಿಸುವುದು ಬಿಟ್ಟು ಬೇರೆ ದಾರಿಯಿಲ್ಲ. ಎರಡೂ ಬದಿಗೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪುಟ್ಟಿ, ಅದೂ 3 ಮಿ.ಮೀ. ಮೀರದಂತೆ. ಆಸಿಡ್ ಎಚ್ಚ್ ಪ್ರೈಮರ್ (ಆಮ್ಲದಿಂದ ತಗಡನ್ನು ಕಚ್ಚಿ ಹಿಡಿಯುವ ಪ್ರೈಮರ್) ಮೇಲೆ ನೇರವಾಗಿ ಪುಟ್ಟಿ ಹಾಕಲು ಬಿಡಬೇಡಿ, ಹಿಡಿಯುವುದಿಲ್ಲ. ಒಳಬದಿಗೆ ಕೊನೆಯಲ್ಲಿ ಮೇಣದಂಥ ತುಕ್ಕು ನಿರೋಧಕ ಹೊಡೆಸಿ, ನೀರು ಇಳಿಯುವ ತೂತುಗಳು ಮುಚ್ಚಿಲ್ಲವೆಂದು ಖಚಿತಮಾಡಿಕೊಳ್ಳಿ. ಗಾಳಿಯ ತೇವಾಂಶ 85%ಕ್ಕಿಂತ ಹೆಚ್ಚಿದ್ದ ದಿನ ಗನ್ ಎತ್ತಲೇಬಾರದು. ತಗಡಿನ ಉಷ್ಣಾಂಶ ಇಬ್ಬನಿ ಕಟ್ಟುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. ಜುಲೈ, ಆಗಸ್ಟ್‌ನಲ್ಲಿ ಬೂತ್ (ಬಣ್ಣ ಹೊಡೆಯಲೆಂದೇ ಇರುವ ಮುಚ್ಚಿದ ಕೋಣೆ) ಇಲ್ಲದ ಕಡೆ ಇಷ್ಟು ಸಿಗುವುದು ಅಪರೂಪ. ದೀಪಾವಳಿ ಕಳೆಯಲಿ.

ಪ್ರಶ್ನೆ: ಬಣ್ಣ ಹೊಡೆದ ದಿನ ನುಣುಪಾಗಿದ್ದ ಬಾಗಿಲಲ್ಲಿ ಎರಡು ತಿಂಗಳಾದ ಮೇಲೆ ಎಮರಿ ಗೆರೆಗಳೂ ಪುಟ್ಟಿಯ ಅಂಚೂ ಕಾಣತೊಡಗಿವೆ. ಮೇಣದ ಪಾಲಿಶ್ ಹಾಕಬಹುದೆ?
– ಓದುಗರು, ಹಾಸನ

ಉತ್ತರ: ಹಾಕಿದರೆ ಎಂಟು ದಿನ ಮುಚ್ಚಿಕೊಳ್ಳುತ್ತದೆ, ಮತ್ತೆ ಬರುತ್ತದೆ. 80 ನಂಬರಿನ ಗೀರುಗಳನ್ನು ಸಣ್ಣ ಎಮರಿಯಲ್ಲಿ ತೆಗೆಯದೆ ದಪ್ಪ ಪ್ರೈಮರಿನಲ್ಲಿ ತುಂಬಿಸಿ, ಅದು ಪೂರ್ತಿ ಒಣಗುವ ಮುಂಚೆ ಬಣ್ಣ ಹೊಡೆದಿದ್ದಾರೆ. ಒಳಗಿನ ಥಿನ್ನರ್ ಆರುತ್ತಾ ಬಂದಂತೆ ಪ್ರೈಮರ್ ಕುಗ್ಗಿ ಗೀರಿನೊಳಗೆ ಇಳಿಯುತ್ತದೆ. ಇನ್ನೂ ಒಂದೆರಡು ತಿಂಗಳು ಕಾಯಿರಿ, ಕುಗ್ಗುವುದೆಲ್ಲ ಕುಗ್ಗಲಿ. ಆಮೇಲೆ ಆ ಬಾಗಿಲನ್ನು 600–800ರಲ್ಲಿ ಬ್ಲಾಕ್ ಹಿಡಿದು ಮಟ್ಟ ಮಾಡಿಸಿ ಮತ್ತೆ ಎರಡು ಕೋಟ್ ಹೊಡೆಸಿ. ಪುಟ್ಟಿ ಇದ್ದ ಜಾಗದಲ್ಲಿ ಹಳದಿ ಛಾಯೆಯೂ ಇದೆಯೇ ನೋಡಿ. ಇದ್ದರೆ 100 ಗ್ರಾಂ ಪುಟ್ಟಿಗೆ 2 ಗ್ರಾಂನಷ್ಟು ಸಾಕಿದ್ದ ಹಾರ್ಡನರನ್ನು ಬೇಗ ಗಟ್ಟಿಯಾಗಲೆಂದು ಧಾರಾಳವಾಗಿ ಕಲಸಿದ್ದಾರೆ. ಆ ಪುಟ್ಟಿಯನ್ನು ಕಿತ್ತೇ ಹಾಕಬೇಕು.

ಪ್ರಶ್ನೆ: ಮನೆಯ ಶೆಡ್ಡಿನಲ್ಲೇ ಡಿಕ್ಕಿ ಬಾಗಿಲಿಗೆ ಬಣ್ಣ ಹೊಡೆದೆ. ಬಣ್ಣ ಅಲ್ಲಲ್ಲಿ ದುಂಡಗೆ ಸರಿದು ಮೀನಿನ ಕಣ್ಣಿನಂಥ ಗುಳಿ ಬಿದ್ದಿವೆ. ಮೇಲೆ ಇನ್ನೊಂದು ಕೋಟ್ ಹೊಡೆದರೂ ತುಂಬಲಿಲ್ಲ.
– ಓದುಗರು, ಹುಬ್ಬಳ್ಳಿ

ಉತ್ತರ: ತುಂಬುವುದೂ ಇಲ್ಲ. ಜಿಡ್ಡಿನ ಮೇಲೆ, ಅದರಲ್ಲೂ ಸಿಲಿಕಾನ್ ಮೇಲೆ, ಬಣ್ಣ ನಿಲ್ಲುವುದಿಲ್ಲ. ಟೈರ್ ಪಾಲಿಶ್, ಡ್ಯಾಶ್‌ಬೋರ್ಡ್ ಪಾಲಿಶ್ ಬಳಸಿದ ಶೆಡ್ಡಿನಲ್ಲಿ ಅದು ಬಟ್ಟೆಗೂ ಗಾಳಿಗೂ ಅಂಟಿರುತ್ತದೆ. ಇನ್ನೊಂದು ಮೂಲ ಕಂಪ್ರೆಸರಿನ ಎಣ್ಣೆ. ಪೈಪಿನ ಗಾಳಿಯನ್ನು ಬಿಳಿ ಕಾಗದದ ಮೇಲೆ ಒಂದು ನಿಮಿಷ ಊದಿ, ಕಲೆ ಬಿದ್ದರೆ ಫಿಲ್ಟರ್ ಬದಲಿಸಿ, ಟ್ಯಾಂಕಿನ ನೀರು ಬಸಿಯಿರಿ. ಬಣ್ಣ ಪೂರ್ತಿ ಒಣಗಿದ ಮೇಲೆ 600ರಲ್ಲಿ ಗುಳಿ ಮಾಯವಾಗುವವರೆಗೆ ಉಜ್ಜಿ, ಜಿಡ್ಡು ತೆಗೆಯುವ ದ್ರಾವಣದಲ್ಲಿ ಎರಡು ಬಟ್ಟೆ ಹಿಡಿದು ಒರೆಸಿ: ಒಂದರಿಂದ ಹಚ್ಚುವುದು, ಆರುವ ಮುಂಚೆ ಇನ್ನೊಂದರಿಂದ ಒರೆಸುವುದು. ಆರಲು ಬಿಟ್ಟರೆ ಜಿಡ್ಡು ಅಲ್ಲೇ ಉಳಿಯಿತು ಅಂತಲೇ.

ನೀವು ಕೇಳದ ಒಂದು ಮಾತು: ಪಿಯು ಪೇಂಟಿನ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಬಾಯಿಗೆ ಕಟ್ಟಿದ ಕರವಸ್ತ್ರ ಅದನ್ನು ತಡೆಯುವುದಿಲ್ಲ. ಒಮ್ಮೆ ಮೈಗೆ ಒಗ್ಗದಾದರೆ ಆಮೇಲೆ ಅದು ಸ್ವಲ್ಪ ಸೋಕಿದರೂ ಉಬ್ಬಸ ಬರುತ್ತದೆ. ಹೊರಗಿನಿಂದ ಶುದ್ಧ ಗಾಳಿ ಬರುವ ಮುಖವಾಡ ಇಲ್ಲದಿದ್ದರೆ ಈ ಕೆಲಸ ಬೂತ್ ಇರುವವರಿಗೆ ಬಿಡಿ.

ಪ್ರಶ್ನೆ: ಅಜ್ಜನ 1966ರ ಫಿಯೆಟ್‌ಗೆ ಇರುವುದು ಮೂಲ ಬಣ್ಣವೇ. ಮಾಸಿದೆ, ಒಂದೆರಡು ಕಡೆ ಎದ್ದಿದೆ. ಪೂರ್ತಿ ಹೊಡೆಸಲೇ?
– ಓದುಗರು, ಧಾರವಾಡ

ಉತ್ತರ: ತುಕ್ಕು ಇಲ್ಲದಿದ್ದರೆ ದಯವಿಟ್ಟು ಬೇಡ. ಮೂಲ ಬಣ್ಣ ಒಮ್ಮೆ ಹೋದರೆ ಹೋಯಿತು. ಎದ್ದ ಕಡೆ ತುಕ್ಕು ತಡೆದು, ಉಳಿದದ್ದನ್ನು ಕೈಯಲ್ಲೇ ನಯವಾದ ಕಾಂಪೌಂಡ್ ಹಾಕಿ ಉಜ್ಜಿಸಿ. ಹೊಡೆಸಲೇಬೇಕಾದರೆ ಬಣ್ಣದ ಮಾದರಿಯನ್ನು ಬಿಸಿಲು ತಾಗದ ಕಡೆಯಿಂದ, ಅಂದರೆ ಬಾಗಿಲ ರಬ್ಬರ್ ಬೀಡಿಂಗ್ ಅಡಿಯಿಂದ ಅಥವಾ ಡ್ಯಾಶ್‌ಬೋರ್ಡ್ ಕೆಳಗಿನಿಂದ ತೆಗೆಯಿರಿ. ಬಣ್ಣವನ್ನೇ ಬದಲಿಸುವುದಾದರೆ ಆರ್‌ಸಿಯಲ್ಲೂ ತಿದ್ದಿಸಬೇಕಾಗುತ್ತದೆ, ಮೊದಲು ಆರ್‌ಟಿಒದಲ್ಲಿ ವಿಚಾರಿಸಿ.

ಪ್ರಶ್ನೆ: ಕೆಲಸ ಒಪ್ಪಿಸುವ ಮುಂಚೆ ಪೇಂಟರ್ ಜೊತೆ ಏನೇನು ಮಾತಾಡಿಕೊಳ್ಳಬೇಕು?
– ಓದುಗರು, ಬೆಂಗಳೂರು

ಉತ್ತರ: "ಫಸ್ಟ್ ಕ್ಲಾಸ್ ಮಾಡಿಕೊಡಿ" ಅನ್ನುವುದು ಒಪ್ಪಂದವಲ್ಲ. ಬಾನೆಟ್ಟಿಗೆ ಎಷ್ಟು ಧೂಳಿನ ಕಣ ಸರಿ, ಯಾವ ಭಾಗ ಉಜ್ಜಿ ಪಾಲಿಶ್ ಮಾಡಬೇಕು, ಪ್ರೈಮರ್ ಹೊಡೆದು ಎಷ್ಟು ದಿನ ಬಿಡಬೇಕು ಎಂದು ಬರೆದುಕೊಳ್ಳಿ. ಕಪ್ಪು, ಕಡು ಮೆರೂನ್ ಆರಿಸಿದರೆ ತಗಡಿನ ಏರಿಳಿತವೆಲ್ಲ ಎದ್ದು ಕಾಣುತ್ತದೆ, ಟಿಂಕರಿಂಗ್ ದಿನಗಳೂ ಖರ್ಚೂ ಹೆಚ್ಚುತ್ತವೆ; ಬಿಳಿ, ಕೆನೆ ಬಣ್ಣ ಬಹಳಷ್ಟು ಮುಚ್ಚಿಕೊಳ್ಳುತ್ತವೆ. ಪ್ರೈಮರ್ ಹಂತದಲ್ಲಿ ಒಮ್ಮೆ ಹೋಗಿ ಅಂಗೈಯಿಂದ ಸವರಿ ನೋಡಿ, ಏರಿಳಿತ ಕಣ್ಣಿಗಿಂತ ಕೈಗೆ ಬೇಗ ಸಿಗುತ್ತದೆ. ಕಾರು ಮನೆಗೆ ಬಂದ ಮೇಲೆ ಒಂದು ತಿಂಗಳು ಪ್ಲಾಸ್ಟಿಕ್ ಕವರ್ ಹೊದಿಸಬೇಡಿ, ಎರಡು ಮೂರು ತಿಂಗಳು ಮೇಣದ ಪಾಲಿಶ್ ಬೇಡ.

ಇಡೀ ಕಾರಿನ ಬಣ್ಣವನ್ನು ಒಂದೇ ಸಲ ಕಲಸಲು ಹೇಳಿ. ಬೇರೆ ಬೇರೆ ದಿನ ಕಲಸಿದರೆ ಬಾಗಿಲು ಒಂದು ಛಾಯೆ, ಬಾನೆಟ್ ಇನ್ನೊಂದು ಛಾಯೆ. ಅದರಲ್ಲಿ ಅರ್ಧ ಲೀಟರನ್ನು ಹಾರ್ಡನರ್ ಹಾಕದೆ ಕೇಳಿ ಪಡೆಯಿರಿ. ಗಾಳಿ ಉಳಿಯದಂತೆ ಕಂಠದವರೆಗೆ ತುಂಬುವ ಸಣ್ಣ ಡಬ್ಬಿಗಳಿಗೆ ಹಾಕಿ, ಬಣ್ಣದ ಕೋಡ್ ಮತ್ತು ತಾರೀಕು ಬರೆದು ತಂಪಾದ ಕಡೆ ಇಡಿ. ಮೊದಲ ಗೀರು ಬೀಳಲು ಬಹಳ ದಿನ ಬೇಕಾಗುವುದಿಲ್ಲ.